ಬಲದಂಡೆ

“ಆ ಬಾಂಡ್ಲಿ ಹೊತ್ತಿರೋ ಮುಂಡೇನ ಪಕ್ಕಕ್ಕೆ ತಳ್ರೋ. ಫೋಟೋದಲ್ಲಿ ಬರ್ತಾವ್ಳೆ.”

ಚಿನ್ನಪ್ಪ ಹೀಗೆ ಕೂಗಿದಾಗ ನನ್ನ ತಲೆಯ ಮೇಲೆ ಬಾಂಡಲಿ ತುಂಬ ಹಸಿ ಕಾಂಕ್ರೀಟ್ ಇತ್ತು. ಅದರ ನೀರು ಕಿವಿಯ ಹಿಂದೆ ಇಳಿದು ರವಿಕೆಯೊಳಗೆ ಹೋಗುತ್ತಿತ್ತು. ಯಾರೂ ನನ್ನನ್ನು ತಳ್ಳಬೇಕಾಗಲಿಲ್ಲ, ನಾನೇ ನಾಲ್ಕು ಹೆಜ್ಜೆ ಸರಿದೆ. ಮುಂಡೆ ಎಂದದ್ದಕ್ಕೆ ಸಿಟ್ಟು ಬಂತು, ಏಕೆಂದರೆ ಆಗ ನಾನಿನ್ನೂ ಮುಂಡೆಯಾಗಿರಲಿಲ್ಲ. ಅದಕ್ಕೆ ಮೂರು ತಿಂಗಳು ಬಾಕಿ ಇತ್ತು.

ಇಂಜಿನಿಯರ್ ನರೇಂದ್ರ ಮೊಬೈಲ್ ಎತ್ತಿ ಫೋಟೋ ತೆಗೆದ. ಫೋಟೋದಲ್ಲಿ ಬಂದದ್ದು ರಾಜಕಾಲುವೆಯ ಪಕ್ಕ ನೆಟ್ಟಿದ್ದ ಹಸಿರು ಬೋರ್ಡು, ಅದರ ಪಕ್ಕ ಬಿಳಿ ಪ್ಯಾಂಟಿನ ಚಿನ್ನಪ್ಪ. ಬೋರ್ಡಿನ ಮೇಲೆ ಕಾಮಗಾರಿಯ ಹೆಸರಿತ್ತು: ಗೊಟ್ಟಿಗೆರೆ ರಾಜಕಾಲುವೆಯ ಎರಡೂ ದಂಡೆಗೆ ತಡೆಗೋಡೆ ನಿರ್ಮಾಣ. ಅದರ ಕೆಳಗೆ, ಗುತ್ತಿಗೆದಾರರು: ಶ್ರೀ ನಾಗಲಕ್ಷ್ಮಮ್ಮ, ಗೊಟ್ಟಿಗೆರೆ.

ಶ್ರೀಮತಿ ಎಂದು ಬರೆಯಬೇಕಿತ್ತು. ಗುತ್ತಿಗೆದಾರ ಎಂದರೆ ಗಂಡಸೇ ಎಂದುಕೊಂಡ ಪೇಂಟರ್ ಹಾಗೆ ಬರೆದ. ಆ ನಾಗಲಕ್ಷ್ಮಮ್ಮ ನಾನು. ನನ್ನ ಹೆಸರಿನ ಫೋಟೋಗೆ ಅಡ್ಡ ಬಂದೆನೆಂದು ನನ್ನನ್ನೇ ಸರಿಸಿದರು. ಬಾಂಡಲಿ ಹೊತ್ತು ಹೋಗಿ ನನ್ನದೇ ಗೋಡೆಗೆ ಸುರಿದು ಬಂದೆ. ಅಂದಿನ ಕೂಲಿಯೂ ಎಂದಿನಷ್ಟೇ.

ನಮ್ಮ ಜಾತಿಯವರಿಗೆಂದು ಸರ್ಕಾರ ಇಂಥ ಕೆಲವು ಕಾಮಗಾರಿಗಳನ್ನು ಮೀಸಲಿಡುತ್ತದೆ. ಚಿನ್ನಪ್ಪನ ಜಾತಿಗೆ ಅವು ಸಿಗುವುದಿಲ್ಲ. ಅವನಿಗೆ ಕಾಲುವೆಯ ಪಕ್ಕ ಕಲ್ಯಾಣಮಂಟಪವಿದೆ, ಮೂರು ಬಡಾವಣೆಗಳಿವೆ, ಇಲ್ಲದ್ದು ಎಂದರೆ ನಮ್ಮ ಜಾತಿ ಒಂದೇ. ಅದಕ್ಕಾಗಿ ಎರಡು ವರ್ಷದ ಹಿಂದೆ ಅವನು ನಮ್ಮ ಬೀದಿಗೆ ಬಂದ. ಹುಟ್ಟಿದ ಮೇಲೆ ಅದೇ ಮೊದಲ ಸಲ. ಒಳಗೆ ಬನ್ನಿ ಎಂದರೆ ಬರಲಿಲ್ಲ, ಹೊಸಿಲಿಂದಾಚೆಯೇ ನಿಂತು ಗೋಡೆಯ ಮೇಲಿದ್ದ ಬುದ್ಧನ ಪಟವನ್ನೂ ಬಾಬಾಸಾಹೇಬರ ಪಟವನ್ನೂ ನೋಡಿ ಮೂಗು ಕೆರೆದುಕೊಂಡ.

“ನಿಮ್ ಸರ್ಟಿಫಿಕೇಟು ಟ್ರಂಕಿನಲ್ಲಿಟ್ರೆ ಇಲಿ ತಿಂತದೆ. ನನ್ ಕೈಗೆ ಕೊಡ್ರಿ, ಕೆಲಸಕ್ಕಾದ್ರೂ ಬರ್ತದೆ” ಎಂದ.

ನನ್ನ ಗಂಡ ಯಲ್ಲಯ್ಯ ಗಾರೆ ಮೇಸ್ತ್ರಿ. ಮೂವತ್ತು ವರ್ಷ ಡ್ಯಾಮಿನ ಕಾಲುವೆಗಳಲ್ಲಿ ಕಲ್ಲು ಕಟ್ಟಿದವನು. ಅವನು ಆಗಲ್ಲ ಎಂದ. ಚಿನ್ನಪ್ಪ ಒತ್ತಾಯ ಮಾಡಲಿಲ್ಲ. ನಮ್ಮ ಬೀದಿಗೆ ಬರುವ ಗಾಡಿದಾರಿ ಅವನ ಜಮೀನಿನ ಮೇಲೆ ಹಾದು ಬರುತ್ತದೆ. ಮಾರನೆಯ ದಿನ ಆ ದಾರಿಗೆ ಕಬ್ಬಿಣದ ಗೇಟು ಬಂತು, ಅದಕ್ಕೆ ಬೀಗವೂ ಬಂತು. ಬಸುರಿ ಹೆಂಗಸೊಬ್ಬಳನ್ನು ಕುರ್ಚಿಯಲ್ಲಿ ಕೂರಿಸಿ ಮುಖ್ಯರಸ್ತೆಯವರೆಗೆ ಹೊತ್ತೊಯ್ದ ಮೇಲೆ ನಾನು ಸೆರಗಿನಲ್ಲಿ ಸರ್ಟಿಫಿಕೇಟು ಕಟ್ಟಿಕೊಂಡು ಕಲ್ಯಾಣಮಂಟಪಕ್ಕೆ ಹೋದೆ. ನಾನು ಏಳನೆಯ ತರಗತಿಯವರೆಗೆ ಓದಿದವಳು. ಸಹಿ ಹಾಕಲು ಅಷ್ಟು ಸಾಕಾಯಿತು. ಗೇಟಿನ ಬೀಗ ತೆಗೆದರು, ಗೇಟು ಮಾತ್ರ ಅಲ್ಲೇ ಉಳಿಯಿತು.

ಯಲ್ಲಯ್ಯ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ, “ನಿನ್ ಕೆಲಸ ತಾನೆ, ನಾನೇ ಕಟ್ತೀನಿ. ಬೇರೆಯೋರು ಕಟ್ಟಿ ಹಾಳು ಮಾಡೋದ್ ಬೇಡ” ಎಂದ. ಅವನ ಸಮಾಧಾನಗಳು ಹೀಗೆಯೇ ಇರುತ್ತಿದ್ದವು.

ಗುದ್ದಲಿ ಪೂಜೆಯ ದಿನ ಪುರೋಹಿತರು ಕಲಶದ ಮುಂದೆ ಕೂತು, “ಗುತ್ತಿಗೆದಾರರ ಹೆಸರೇನು?” ಎಂದು ಕೇಳಿದರು. ಯಾರೋ ಬೋರ್ಡು ನೋಡಿ ನನ್ನ ಹೆಸರು ಹೇಳಿದರು. “ಅವರನ್ನ ಕರೀರಿ” ಎಂದರು. ಕೈತೊಳೆದುಕೊಂಡು ಬಂದಿದ್ದ ನಾನು ಒಂದು ಹೆಜ್ಜೆ ಮುಂದಿಟ್ಟೆ. ಪುರೋಹಿತರು ನನ್ನ ಮುಖ ನೋಡಿದರು, ಆಮೇಲೆ ಚಿನ್ನಪ್ಪನ ಮುಖ ನೋಡಿದರು.

“ಅವಳು ಅಲ್ಲೇ ನಿಂತಿರ್ಲಿ ಸ್ವಾಮಿ” ಎಂದ ಚಿನ್ನಪ್ಪ. “ಹೆಸ್ರು ಅವಳ್ದು, ಕೈ ನಂದು.”

ಎಲ್ಲರೂ ನಕ್ಕರು. ನರೇಂದ್ರ ಹೆಚ್ಚು ನಕ್ಕ. ಪುರೋಹಿತರು ನನ್ನ ಹೆಸರಲ್ಲಿ ಸಂಕಲ್ಪ ಮಾಡಿ ಚಿನ್ನಪ್ಪನ ಕೈಗೆ ಅಕ್ಷತೆ ಹಾಕಿದರು. ಪ್ರಸಾದ ಕೊಡುವಾಗ ಬಾಳೆಹಣ್ಣನ್ನು ಒಂದು ಗೇಣು ಮೇಲಿನಿಂದ ನನ್ನ ಕೈಗೆ ಬಿಟ್ಟರು. ಅದು ತಪ್ಪಿ ಮಣ್ಣಿಗೆ ಬಿತ್ತು. ನಾನು ಎತ್ತಿಕೊಳ್ಳಲಿಲ್ಲ.

*

ಕಾಲುವೆಯ ಒಂದು ಕಡೆ ನಮ್ಮ ಬೀದಿ, ಇನ್ನೊಂದು ಕಡೆ ಚಿನ್ನಪ್ಪನ ಕಲ್ಯಾಣಮಂಟಪ. ಕಾಲುವೆ ಮೂವತ್ತಡಿ ಅಗಲ ಇರಬೇಕೆಂದು ನಕ್ಷೆಯಲ್ಲಿತ್ತು. ಕಲ್ಯಾಣಮಂಟಪದ ಕಡೆಯ ಗೋಡೆಯನ್ನು ಚಿನ್ನಪ್ಪ ಐದಡಿ ಕಾಲುವೆಯೊಳಗೆ ತಂದು ಕಟ್ಟಿಸಿದ. ಹೀಗೆ ಸಿಕ್ಕ ಜಾಗದಲ್ಲಿ, ಅದೇ ಗೋಡೆಯನ್ನೇ ಪಾಯ ಮಾಡಿಕೊಂಡು, ಹೊಸ ಊಟದ ಹಾಲ್ ಎದ್ದಿತು. ಅತ್ತ ಜಾಗ ಸಿಗದ ನೀರು ಎಲ್ಲಿಗೆ ಹೋಗಬೇಕು? ನಮ್ಮ ಕಡೆಗೆ ಬರಬೇಕು. ನಮ್ಮ ಕಡೆಯ ಗೋಡೆಗೆ ಹನ್ನೆರಡು ಮಿಲಿಮೀಟರಿನ ಕಂಬಿಯ ಬದಲು ಎಂಟರ ತೆಳು ಕಂಬಿ ಹಾಕಿದರು. ಐವತ್ತು ಮೂಟೆ ಸಿಮೆಂಟು ಇಳಿದರೆ ಇಪ್ಪತ್ತು ಮೂಟೆ ಕಾಲುವೆ ದಾಟಿ ಹಾಲ್‌ಗೆ ಹೋಗುತ್ತಿದ್ದವು. ದಾಟಿಸಿದವರು ನಾನು ಮತ್ತು ರೇಣುಕವ್ವ. ನಾವೇ ಹೊತ್ತೆವು, ಅದನ್ನು ಮುಚ್ಚಿಡುವುದಿಲ್ಲ.

ರೇಣುಕವ್ವ ಕೊಪ್ಪಳದ ಕಡೆಯವಳು. ನಮ್ಮ ಹಿಂದಿನ ತಗಡಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಅವಳ ಮಾತಿಗೆ ನಾನು, ನನ್ನ ಮಾತಿಗೆ ಅವಳು ನಗುತ್ತಿದ್ದೆವು. ಕೆಲಸದ ಶುರುವಿನಲ್ಲಿ ಅವಳಿಗೆ ಎಡದಂಡೆ ಯಾವುದು, ಬಲದಂಡೆ ಯಾವುದು ಎಂಬುದು ತಿಳಿಯುತ್ತಿರಲಿಲ್ಲ. ಯಲ್ಲಯ್ಯ ಕಲಿಸಿದ.

“ನೋಡವ್ವ, ಕಾಲುವೇಲಿ ಎಡ ಬಲ ಅನ್ನೋದು ನಮ್ ಕೈಯಲ್ಲಿಲ್ಲ, ನೀರಿನ ಕೈಯಲ್ಲೈತೆ. ನೀರು ಹೋಗೋ ಕಡೆ ಮುಖ ಮಾಡ್ಕಂಡು ನಿಂತ್ಕ. ಎಡಗೈ ಕಡೆ ಇರೋದು ಎಡದಂಡೆ. ಅದು ನಮ್ ಬೀದಿ. ಬಲಗೈ ಕಡೆ ಚಿನ್ನಪ್ಪಂದು. ಯಾವ ದೇಶಕ್ ಹೋದ್ರೂ ಇದೇ ಲೆಕ್ಕ.”

ನರೇಂದ್ರನಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಅಥವಾ ಕಾಲೇಜಿನಲ್ಲೇ ಬಿಟ್ಟು ಬಂದಿದ್ದ. ಅವನು ಕಾಲುವೆಗೆ ಇಳಿದವನೇ ಅಲ್ಲ. ಕಾಲುವೆಗೆ ಅಡ್ಡಲಾಗಿ ಕಟ್ಟಿದ ಕೆಳಗಿನ ಮೋರಿಯ ಮೇಲೆ ಕಾರು ನಿಲ್ಲಿಸಿ, ನೀರು ಬರುವ ಕಡೆಗೆ ಮುಖ ಮಾಡಿ ನಿಂತು, ನಮ್ಮ ಕಡೆ ಕೈ ತೋರಿಸಿ “ಬಲದಂಡೆ” ಎನ್ನುತ್ತಿದ್ದ. ಹಾಗೆಂದೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ನಾವು ಬಾಂಡಲಿಯ ಕೆಳಗೆ ಮುಖ ಮುಚ್ಚಿಕೊಂಡು ನಗುತ್ತಿದ್ದೆವು.

ಒಂದು ದಿನ ಯಲ್ಲಯ್ಯ ಬಾಯಿಬಿಟ್ಟ. ನಮ್ಮ ಕಡೆಯ ಗೋಡೆಯ ಹಿಂದೆ ನಿಲ್ಲುವ ನೀರು ಬಸಿದು ಹೋಗಲು ನಡುನಡುವೆ ಪೈಪಿನ ತುಂಡು ಇಡಬೇಕಿತ್ತು. ಒಂದೂ ಇಟ್ಟಿರಲಿಲ್ಲ.

“ಸಾರ್, ಎಡದಂಡೆಗೆ ಪೈಪು ಬಂದಿಲ್ಲ. ಹಿಂದ್ಗಡೆ ನೀರು ನಿಂತ್ರೆ ಗೋಡೆ ತಡ್ಕಳಲ್ಲ” ಎಂದ.

“ಎಡದಂಡೆಗೆ ಇಟ್ಟಿದೀವಲ್ಲಯ್ಯ” ಎಂದು ನರೇಂದ್ರ ಕಲ್ಯಾಣಮಂಟಪದ ಕಡೆ ಕೈ ತೋರಿಸಿದ.

“ಅದು ಬಲದಂಡೆ ಸಾರ್. ಇದು ಎಡ.”

“ಎಷ್ಟ್ ಓದಿದೀಯ ನೀನು?”

“ಓದಿಲ್ಲ ಸಾರ್.”

ಮೋರಿಯ ಮೇಲಿದ್ದ ಚಿನ್ನಪ್ಪನಿಗೆ ತಮಾಷೆ ಬೇಕಾಗಿತ್ತು. “ಲೇ ಯಲ್ಲ, ಸಾಹೇಬ್ರಿಗೆ ಎಡ ಬಲ ಹೇಳ್ಕೊಡ್ತೀಯೇನೋ ಬೋಳಿಮಗನೆ? ಇಳಿಯೋ ಕಾಲುವೆಗೆ. ನಿಂಗೆ ಗೊತ್ತೈತೋ ಇಲ್ವೋ ನೋಡಾನ.”

ಯಲ್ಲಯ್ಯ ಇಳಿದ. ಮೊಣಕಾಲಿನವರೆಗೆ ಊರಿನ ಕೊಳಚೆ.

“ಎಡಗೈ ಎತ್ತು.”

ಎತ್ತಿದ.

“ಬಲಗೈ ಎತ್ತು. ಎರಡೂ ಎತ್ತು. ಈಗ ಹಂಗೇ ನಿಂತಿರು, ಸಾಹೇಬ್ರು ಟೀ ಕುಡ್ದು ಬರೋಗಂಟ.”

ಐವತ್ತೆರಡು ವರ್ಷದ ಗಂಡಸು, ಕೂದಲು ಬೆಳ್ಳಗಾದವನು, ತನ್ನ ಕೈಕೆಳಗಿನ ಇಪ್ಪತ್ತು ಜನ ಕೂಲಿಯವರ ಎದುರು ಎರಡೂ ಕೈ ಎತ್ತಿಕೊಂಡು ಕೊಳಚೆಯಲ್ಲಿ ನಿಂತಿದ್ದ. ಅವರು ಟೀ ಕುಡಿದರು. ಬನ್ನು ತಿಂದರು. ನರೇಂದ್ರ ಯಾರ ಜೊತೆಗೋ ಫೋನಿನಲ್ಲಿ ನಕ್ಕು ನಕ್ಕು ಮಾತಾಡಿದ. ಯಲ್ಲಯ್ಯ ಕೈ ಇಳಿಸಲಿಲ್ಲ. ಅವನು ನೀರು ಹೋಗುವ ಕಡೆಗೇ ಮುಖ ಮಾಡಿ ನಿಂತಿದ್ದ ಎನ್ನುವುದನ್ನು ನಾನು ನೋಡಿದೆ. ಆ ಹೊತ್ತು ನನ್ನಲ್ಲಿ ಹೊತ್ತಿಕೊಂಡ ಸಿಟ್ಟು ಇವತ್ತಿಗೂ ಆರಿಲ್ಲ, ಆರುವುದೂ ನನಗೆ ಬೇಡ.

*

ಮೇ ತಿಂಗಳ ನಡುವೆ ಒಂದು ಸಂಜೆ ಐದು ಗಂಟೆಗೆ ಮಳೆ ಹಿಡಿಯಿತು. ಒಂದು ಗಂಟೆಯಲ್ಲಿ ಕಾಲುವೆ ತುಂಬಿತು. ಅದಕ್ಕಿಂತ ಮೊದಲೇ ನಮ್ಮ ಬೀದಿ ತುಂಬಿತ್ತು. ಬೀದಿಯ ನೀರು ಕಾಲುವೆಗೆ ಇಳಿಯಲು ದಾರಿಯಿಲ್ಲದೆ ಗೋಡೆಯ ಹಿಂದೆ ಏರುತ್ತಿತ್ತು. ರೇಣುಕವ್ವನ ತಗಡಿನ ಕೋಣೆ ಆ ಗೋಡೆಗೆ ಒರಗಿಕೊಂಡೇ ಇತ್ತು. ಒಳಗೆ ಅವಳ ಗಂಡ ಜ್ವರ ಬಂದು ಮಲಗಿದ್ದ.

ಯಲ್ಲಯ್ಯ ಉಳಿ ಸುತ್ತಿಗೆ ಹಿಡಿದು ಹೊರಟ. “ನಾಗೂ, ನಾಕು ತೂತು ಹೊಡ್ದುಬಿಡ್ತೀನಿ, ನೀರು ಬಸ್ಕಂಡು ಹೋಯ್ತದೆ. ನೀವು ಅವನ್ನ ಈಚೆಗೆ ಎಳ್ಕಳಿ” ಎಂದ.

ನಾನೂ ರೇಣುಕವ್ವನೂ ಅವಳ ಗಂಡನನ್ನು ಎಳೆದು ತಂದೆವು. ಯಲ್ಲಯ್ಯ ಎರಡು ತೂತು ಹೊಡೆದಿದ್ದ. ಅವುಗಳಿಂದ ನೀರು ಕಾಲುವೆಗೆ ಚಿಮ್ಮುತ್ತಿತ್ತು. ಮೂರನೆಯದಕ್ಕೆ ಉಳಿ ಇಟ್ಟಿದ್ದಾಗ ಅರವತ್ತಡಿ ಉದ್ದದ ಗೋಡೆ ಒಮ್ಮೆಗೇ ಕಾಲುವೆಯೊಳಗೆ ಮಗುಚಿತು. ಯಲ್ಲಯ್ಯನೂ ಅದರ ಜೊತೆ ಹೋದ. ಮಾರನೆಯ ಬೆಳಿಗ್ಗೆ ಸಿಕ್ಕಾಗ ಉಳಿ ಅವನ ಕೈಯಲ್ಲೇ ಇತ್ತು. ಬೆರಳು ಬಿಡಿಸಲು ಆಗಲಿಲ್ಲ, ಉಳಿಯ ಸಮೇತ ಮಣ್ಣು ಮಾಡಿದೆವು.

ಎದುರಿನ ದಂಡೆಯಲ್ಲಿ ಊಟದ ಹಾಲ್ ಒಂದು ಹನಿ ಒಳಗೆ ಬಿಟ್ಟುಕೊಳ್ಳದೆ ನಿಂತಿತ್ತು.

*

ಹತ್ತು ದಿನದ ಮೇಲೆ ಜಯನಗರದ ಕಚೇರಿಯಿಂದ ಕರೆ ಬಂತು. ನರೇಂದ್ರನ ಮೇಜಿನ ಎದುರು ಚಿನ್ನಪ್ಪ ಕುರ್ಚಿಯಲ್ಲಿದ್ದ. ನಾನು ನಿಂತೆ.

“ಯಲ್ಲಯ್ಯನ ಹೆಂಡ್ತೀನಾ? ಪರಿಹಾರದ ಪಟ್ಟಿಗೆ ಹೆಸರು ಬೇಕು. ಏನಮ್ಮ ಹೆಸ್ರು?”

“ನಾಗಲಕ್ಷ್ಮಮ್ಮ.”

ಬರೆದುಕೊಂಡ. ಬರೆಯುತ್ತಲೇ ಆಚೆ ಮೇಜಿನ ಗುಮಾಸ್ತೆ ಸುಧಾಮಣಿಗೆ ಕೂಗಿದ. “ಮೇಡಂ, ಆ ಕಂಟ್ರಾಕ್ಟರ್‌ದು ನೋಟಿಸ್ ಕಳಿಸಿದ್ರಾ? ಅವನ ಮೇಲೆ ಎಫ್‌ಐಆರ್ ಆಗಿದೆ. ಓಡಿಹೋಗೋಕ್ ಮುಂಚೆ ಮುಟ್ಟಬೇಕು. ಏನವನ ಹೆಸ್ರು?”

“ನಾಗಲಕ್ಷ್ಮಮ್ಮ, ಸಾರ್” ಎಂದಳು ಸುಧಾಮಣಿ.

ನರೇಂದ್ರನ ಪೆನ್ನು ನಿಂತಿತು.

“ಅದೂ ನಾನೇ ಸಾರ್” ಎಂದೆ.

ಗುದ್ದಲಿ ಪೂಜೆಯಲ್ಲಿ ಹೆಸರಿನ ಬಗ್ಗೆ ನಕ್ಕವನಿಗೆ ಆ ಹೆಸರೂ ನೆನಪಿರಲಿಲ್ಲ, ನನ್ನ ಮುಖವೂ ನೆನಪಿರಲಿಲ್ಲ. ನಾನು ಎಂದರೆ ಅವನಿಗೆ ಒಂದು ಬಾಂಡಲಿ. ಚಿನ್ನಪ್ಪ ಕೆಮ್ಮಿದ. ಗಂಡ ಸತ್ತದ್ದಕ್ಕೆ ಪರಿಹಾರ ಪಡೆಯುವವಳೂ ನಾನು, ಗಂಡನನ್ನು ಕೊಂದ ಆರೋಪಿಯೂ ನಾನು. ಒಬ್ಬಳೇ ಹೆಂಗಸಿಗೆ ಸರ್ಕಾರ ಎರಡು ಕಾಗದ ತಯಾರು ಮಾಡಿತ್ತು. ನರೇಂದ್ರ ಬೇಗ ಸುಧಾರಿಸಿಕೊಂಡ.

“ಒಳ್ಳೇದಾಯ್ತು ಬಿಡು, ಅಲೆದಾಟ ತಪ್ತು. ಎಲ್ಲದಕ್ಕೂ ಒಟ್ಗೆ ಸೈನ್ ಹಾಕು.”

ಮೊದಲ ಹಾಳೆಯ ತಲೆಬರಹ ಹೀಗಿತ್ತು: ಗುತ್ತಿಗೆದಾರರ ಕಾರ್ಯಕ್ಷಮತೆ, ಕಾಮಗಾರಿ ವಿಫಲಗೊಳ್ಳಲು ಕಾರಣವಾದ ಅಂಶಗಳು. ಅದರ ಕೆಳಗೆ ಅವರೇ ತುಂಬಿದ್ದರು. ಗುತ್ತಿಗೆದಾರರಿಗೆ ತಾಂತ್ರಿಕ ಜ್ಞಾನದ ಕೊರತೆ. ಅನುಭವದ ಕೊರತೆ. ಸ್ಥಳದಲ್ಲಿ ಗುತ್ತಿಗೆದಾರರ ಗೈರುಹಾಜರಿ. ಕೊನೆಯದು, ಯಲ್ಲಯ್ಯ ಎಂಬ ಕೂಲಿಕಾರನು ಗೋಡೆಗೆ ಉಳಿ ಹೊಡೆದು ದುರ್ಬಲಗೊಳಿಸಿದ್ದು.

ಗೈರುಹಾಜರಿ ಎಂಬಲ್ಲಿ ನನಗೆ ನಗು ಬಂತು. ಒಂದು ದಿನವೂ ರಜೆ ಹಾಕದೆ ಆ ಗೋಡೆಗೆ ಬಾಂಡಲಿ ಹೊತ್ತವಳು ನಾನು. ಆದರೆ ಕೊನೆಯ ಸಾಲು ಓದಿದ ಮೇಲೆ ನಗು ನಿಂತಿತು. ಸತ್ತವನ ಕೈಗೆ ಅವರು ಮತ್ತೆ ಉಳಿ ಕೊಟ್ಟಿದ್ದರು, ಈ ಸಲ ಕೊಲೆಗಾರನ ಹಾಗೆ.

“ಓದೋದೇನೈತೆ, ಹಾಕು” ಎಂದ ಚಿನ್ನಪ್ಪ. “ಇಷ್ಟ್ ದಿನ ನಿನ್ನ ಒಳಗೆ ಹಾಕ್ಸಿಲ್ಲ ಅಂದ್ರೆ ಅದು ನನ್ ದಯೆ. ಜಾಮೀನಿಗೂ ನಾನೇ ಬರ್ಬೇಕು, ತಿಳ್ಕ. ಆಮೇಲೆ ಆ ಗೇಟಿಂದೂ ಯೋಚ್ನೆ ಮಾಡು.”

“ನೋಟಿಸಿಗೆ ಹಾಕ್ತೀನಿ” ಎಂದೆ. “ಇದುಕ್ ಹಾಕಲ್ಲ.”

“ಯಾಕಂತೆ?”

“ಹೆಸ್ರು ನಂದಾದ್ರೂ ಕೈ ನಿಮ್ದಲ್ವಾ ಗೌಡ್ರೆ. ನೀವೇ ಹಾಕಿ.”

ಅವನು ಎದ್ದು ನಿಂತು ಬೈದ. ಅಮ್ಮ, ಅಕ್ಕ, ಕೇರಿ, ಯಾವುದನ್ನೂ ಬಿಡಲಿಲ್ಲ. ಕಚೇರಿಯ ಆರು ಮೇಜಿನವರು ಆರು ಕಡೆ ನೋಡಿದರು. ನಾನು ನೋಟಿಸಿನ ಪ್ರತಿಗೆ ಸಹಿ ಹಾಕಿ, ಸುಧಾಮಣಿಯ ಹತ್ತಿರ ಹೋಗಿ, “ಮೇಡಂ, ಕಂಟ್ರಾಕ್ಟರ್‌ಗೆ ನಕ್ಷೆ ಕೊಡ್ಬೇಕಲ್ವಾ, ನಂಗೆ ಕೊಟ್ಟಿಲ್ಲ” ಎಂದೆ. ಅವಳು ಒಂದು ಗಳಿಗೆ ನನ್ನ ಬರಿ ಹಣೆ ನೋಡಿದಳು. ಬೀರು ತೆಗೆದು ದೊಡ್ಡ ಹಾಳೆಯೊಂದನ್ನು ಮಡಚಿ ಕೊಟ್ಟಳು.

ನೋಟಿಸನ್ನು ಬಸ್ ನಿಲ್ದಾಣದಲ್ಲಿ ಕೂತು ಓದಿದೆ. ಸರ್ಕಾರದ ಕನ್ನಡ, ಒಂದೊಂದೇ ಪದ ಬಿಡಿಸಿಕೊಳ್ಳಬೇಕು. “ಸದರಿ ಕಾಮಗಾರಿಯ ಬಲದಂಡೆಯ ತಡೆಗೋಡೆಯನ್ನು ನಕ್ಷೆಗೆ ವಿರುದ್ಧವಾಗಿ ನಿರ್ಮಿಸಿರುವುದು ಕಂಡುಬಂದಿದ್ದು, ಬಲದಂಡೆಯ ಗೋಡೆಯ ಉಳಿದ ಭಾಗವನ್ನು ಈ ನೋಟಿಸು ತಲುಪಿದ ಏಳು ದಿನಗಳೊಳಗೆ ತಮ್ಮ ಸ್ವಂತ ಖರ್ಚಿನಲ್ಲಿ ಸಂಪೂರ್ಣವಾಗಿ ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ತಮ್ಮ ಮೇಲೆ ಕಾನೂನು ಕ್ರಮ ಜರುಗಿಸಲಾಗುವುದು.”

ಬಲದಂಡೆ. ಮೂರು ಸಲ ಓದಿದೆ. ಮೂರು ಸಲವೂ ಅದೇ ಇತ್ತು. ಕೆಳಗೆ ನರೇಂದ್ರನ ಸಹಿ, ಸೀಲು. ಮಡಿಲಲ್ಲಿ ನಕ್ಷೆ ಬಿಡಿಸಿದೆ. ಕಾಲುವೆಯ ನಡುವೆ ನೀರು ಹೋಗುವ ದಿಕ್ಕಿಗೆ ದೊಡ್ಡದೊಂದು ಬಾಣ ಬರೆದಿತ್ತು. ಬಾಣದ ಎಡಕ್ಕೆ ನಮ್ಮ ಬೀದಿ, ಎಡದಂಡೆ. ಬಲಕ್ಕೆ ಕಲ್ಯಾಣಮಂಟಪ, ಬಲದಂಡೆ. ಬಿದ್ದ ನಮ್ಮ ಗೋಡೆಯ ಅವಶೇಷ ನನ್ನಿಂದಲೇ ಎತ್ತಿಸಬೇಕೆಂದು ಬರೆಯಲು ಹೋಗಿ, ನರೇಂದ್ರ ಚಿನ್ನಪ್ಪನ ಗೋಡೆ ಕೆಡವಲು ನನಗೆ ಆಜ್ಞೆ ಕೊಟ್ಟಿದ್ದ. ಗಂಡ ಸತ್ತ ಹೆಂಗಸು ಬಸ್ ನಿಲ್ದಾಣದಲ್ಲಿ ಒಬ್ಬಳೇ ಕೂತು ಜೋರಾಗಿ ನಕ್ಕರೆ ಜನ ದೂರ ಸರಿಯುತ್ತಾರೆ. ಸರಿದರು. ನನಗೆ ಸೇಡು ಬೇಕಾಗಿತ್ತು, ಸರ್ಕಾರವೇ ಸೀಲು ಹಾಕಿ ಕೈಗೆ ಕೊಟ್ಟಿತ್ತು.

*

ನಮ್ಮ ಬೀದಿಯ ಸಿದ್ದರಾಜು ಜೆಸಿಬಿ ಓಡಿಸುತ್ತಾನೆ. ಮುಂದೆ ಬ್ರೇಕರ್ ಸಿಕ್ಕಿಸಿದರೆ ಬಂಡೆಯನ್ನೂ ಪುಡಿ ಮಾಡುವ ಯಂತ್ರ ಅದು. ಯಲ್ಲಯ್ಯನ ಹೆಣ ತೆಗೆದದ್ದು ಅವನೇ. ನೋಟಿಸು ಓದಿ ಅವನು ತಲೆ ಕೆರೆದುಕೊಂಡ.

“ಅಕ್ಕ, ಇದು ಅವನ್ ತಪ್ಪು ಬರ್ದಿರೋದು.”

“ನಂಗೂ ಗೊತ್ತು ಕಣಪ್ಪ.”

“ಕೆಡವಿದ್ರೆ ಊಟದ ಹಾಲ್ ನಿಲ್ಲಲ್ಲ. ಅದುರ ಪಾಯನೇ ಆ ಗೋಡೆ.”

“ಅದೂ ಗೊತ್ತು.”

“ಜೈಲು, ಅಕ್ಕ.”

“ಕೆಡವ್ದೆ ಇದ್ರೂ ಜೈಲೇ. ನಿಮ್ ಭಾವನ್ನ ಕೊಂದಿದ್ದು ನಾನೇ ಅಂತ ಬರ್ದವ್ರೆ. ಮಾಡ್ದೇ ಇರೋದುಕ್ ಹೋಗೋ ಬದ್ಲು ಮಾಡಿ ಹೋಗ್ತೀನಿ. ನಿನ್ ಹೆಸ್ರು ಎಲ್ಲೂ ಬರಲ್ಲ, ಕಂಟ್ರಾಕ್ಟರ್ ಹೇಳ್ದಂಗೆ ಕೆಲಸ ಮಾಡ್ದೆ ಅನ್ನು.”

ಮೂಲೆಯಲ್ಲಿ ಕೂತಿದ್ದ ರೇಣುಕವ್ವ ಎದ್ದಳು. “ಅಣ್ಣಾ, ಮುಂದಿನ ಮಳಿಗಿ ಈ ನೀರು ಎಲ್ಲಿಗಿ ಹೊಂಟೀತು ಹೇಳು? ಆ ಗ್ವಾಡಿ ಹಂಗ ನಿಂತ್ರ ನಮ್ಮ ಓಣಿ ಉಳಿಯೂದಿಲ್ಲ. ಅಕ್ಕಾರು ಹೇಳೂದು ಖರೆ ಐತಿ. ನಾ ಬರ್ತೀನಿ.”

ಸಿದ್ದರಾಜು ಗೋಡೆಯ ಮೇಲಿನ ಪಟಗಳತ್ತ ನೋಡಿದ. ಆಮೇಲೆ, “ಡೀಸೆಲ್ ಹಾಕ್ಸು ಸಾಕು” ಎಂದ.

ಸ್ವಂತ ಖರ್ಚು ಎಂದು ನೋಟಿಸಿನಲ್ಲಿತ್ತು. ಬಿಚ್ಚಿಟ್ಟ ತಾಳಿಯಲ್ಲಿ ಎರಡು ಚಿನ್ನದ ಗುಂಡು ಇದ್ದವು. ಡೀಸೆಲ್ ಆಯಿತು.

ಏಳನೆಯ ದಿನ ಗುರುವಾರ. ಅಂದೇ ಊಟದ ಹಾಲ್‌ನ ಪ್ರವೇಶ ಪೂಜೆ ಎಂದು ಮೋರಿಯಿಂದ ಮುಖ್ಯರಸ್ತೆಯವರೆಗೆ ಫ್ಲೆಕ್ಸ್ ಕಟ್ಟಿದ್ದರು. ಆಷಾಢ ಹತ್ತಿರ ಬಂದಿತ್ತು, ಅದು ಬಿಟ್ಟರೆ ಬೇರೆ ಮುಹೂರ್ತ ಇರಲಿಲ್ಲ. ನಾನು ಮುಹೂರ್ತ ಕೇಳಲಿಲ್ಲ, ಏಳು ದಿನ ಎಣಿಸಿದೆ ಅಷ್ಟೆ.

*

ಬೆಳಿಗ್ಗೆ ಎಂಟೂವರೆ. ನಮ್ಮ ಕಡೆಯ ಚಿನ್ನಪ್ಪನ ಜಮೀನಿನಲ್ಲಿ ಹೂವಿನ ಟೆಂಪೋ ನಿಲ್ಲಿಸಲೆಂದು ಗಾಡಿದಾರಿಯ ಗೇಟು ತೆರೆದಿತ್ತು. ಸಿದ್ದರಾಜುವಿನ ಯಂತ್ರ ಆ ಗೇಟಿನಲ್ಲೇ ಬಂದು, ನಮ್ಮ ಬಿದ್ದ ಗೋಡೆಯ ಮೇಲೆ ಹಾದು ಕಾಲುವೆಗೆ ಇಳಿಯಿತು. ಹಾಲ್‌ನ ಬಾಗಿಲಲ್ಲಿ ಅದೇ ಪುರೋಹಿತರು ಕಲಶ ಇಟ್ಟುಕೊಂಡು ನಿಂತಿದ್ದರು. ಮೊದಲು ರೇಣುಕವ್ವ ಹಿಂಬಾಗಿಲಿನಿಂದ ಒಳಗೆ ಹೋಗಿ, “ಗ್ಯಾಸ್ ಸೋರಾಕತ್ತೈತಿ, ಹೊರಗ ನಡೀರಿ” ಎಂದು ಅಡುಗೆಯವರನ್ನೆಲ್ಲ ಹೊರಗಟ್ಟಿದಳು. ಒಳಗೆ ಒಂದು ನೊಣವೂ ಇಲ್ಲ ಎಂದು ಅವಳು ಸೆರಗು ಬೀಸಿದ ಮೇಲೆ ನಾನು ಸಿದ್ದರಾಜುವಿಗೆ ಕೈ ತೋರಿಸಿದೆ.

ಮೊದಲ ಏಟಿಗೆ ಬಾಗಿಲ ತೋರಣ ಕಳಚಿ ಬಿತ್ತು. ಎರಡನೆಯದಕ್ಕೆ ಚಿನ್ನಪ್ಪ ಬರಿಗಾಲಲ್ಲಿ ಓಡಿಬಂದ. ಮಡಿಯಲ್ಲಿದ್ದ, ಮೇಲೆ ಬರೀ ಶಲ್ಯ.

“ಲೇ ಸಿದ್ದ, ಯಾವನೋ ನಿಂಗೆ ಹೇಳಿದ್ದು ಸೂಳೆಮಗನೆ, ನಿಲ್ಸೋ.”

“ಕಂಟ್ರಾಕ್ಟರ್ ಹೇಳವ್ರೆ” ಎಂದು ಸಿದ್ದರಾಜು ಮೇಲಿಂದಲೇ ಕೂಗಿ, ಮೂರನೆಯದನ್ನು ಹೊಡೆದ.

ನಾನು ಕಾಲುವೆಯ ನಡುವೆ, ಯಲ್ಲಯ್ಯ ಕೈ ಎತ್ತಿ ನಿಂತಿದ್ದ ಜಾಗದಲ್ಲೇ ನಿಂತಿದ್ದೆ. ಚಿನ್ನಪ್ಪ ಕಲ್ಲು ಎತ್ತಿಕೊಂಡ. ರೇಣುಕವ್ವನ ಜೊತೆ ಬಂದಿದ್ದ ಹನ್ನೆರಡು ಹೆಂಗಸರು ಸನಿಕೆ ಎತ್ತಿಕೊಂಡರು. ಅವನು ಕಲ್ಲನ್ನು ಕೆಳಗೆ ಹಾಕಿ, ಪೂಜೆಯ ತಿಂಡಿಗೆಂದು ಬಂದಿದ್ದ ಹೆಡ್ ಕಾನ್‌ಸ್ಟೆಬಲ್ ಬೋರಣ್ಣನನ್ನು ಕೂಗಿದ. ಬೋರಣ್ಣ ಬಾಯಿ ಒರೆಸಿಕೊಳ್ಳುತ್ತ ಬಂದ. ನಾನು ನೋಟಿಸು ಕೊಟ್ಟೆ. ಅವನು ಬೆರಳಿಟ್ಟುಕೊಂಡು ನಿಧಾನವಾಗಿ ಓದಿದ. ಸೀಲು ನೋಡಿದ.

“ಸಾರ್, ಇದು ಗೌರ್ಮೆಂಟ್ ಆರ್ಡರು. ಇವತ್ತೇ ಲಾಸ್ಟ್ ಡೇಟು” ಎಂದ ಚಿನ್ನಪ್ಪನಿಗೆ.

“ಅದು ಆ ಕಡೆ ಗೋಡೇದು ಕಣಯ್ಯ. ನರೇಂದ್ರ ಸಾರ್ ಮೋರಿ ಮೇಲವ್ರೆ, ಕೇಳೋಗು.”

ನರೇಂದ್ರ ಪೂಜೆಗೆ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಕಾರಿಳಿದವನು ಮೋರಿಯ ಮೇಲೆಯೇ ಕಲ್ಲಾಗಿ ನಿಂತಿದ್ದ. ಎಂದಿನಂತೆ ನೀರು ಬರುವ ಕಡೆಗೇ ಮುಖ. ನಾನು ಮೆಟ್ಟಿಲು ಹತ್ತಿ ಹೋದೆ. ಬೋರಣ್ಣ, ಚಿನ್ನಪ್ಪ, ಪೂಜೆಗೆ ಬಂದ ನೆಂಟರು, ನಮ್ಮ ಬೀದಿಯವರು, ಎಲ್ಲರೂ ಸುತ್ತ ನೆರೆದರು.

“ಬಲದಂಡೆ ಅದು” ಎಂದು ಅವನು ನಮ್ಮ ಬೀದಿಯ ಕಡೆ ಕೈ ಚಾಚಿದ. “ಅದನ್ನ ತೆಗಿ ಅಂದ್ರೆ ಇದನ್ನ ಒಡೀತಿ‌ದೀಯಲ್ಲ, ತಲೆ ಕೆಟ್ಟಿದ್ಯಾ ನಿಂಗೆ?”

“ತಿರುಗಿ ಸಾರ್.”

“ಏನು?”

“ನೀರು ಹೋಗೋ ಕಡೆ ತಿರುಗಿ.”

ಅವನು ತಿರುಗಲಿಲ್ಲ. ನಾನು ಅವನ ಎರಡೂ ಭುಜ ಹಿಡಿದು ತಿರುಗಿಸಿದೆ. ಮೂವತ್ತು ವರ್ಷ ಬಾಂಡಲಿ ಎತ್ತಿದ ಕೈ, ಅವನು ಸುಲಭವಾಗಿ ತಿರುಗಿದ. ಅಂಗಿಯ ಮೇಲೆ ನನ್ನ ಹತ್ತೂ ಬೆರಳಿನ ಕೊಳಚೆ ಅಂಟಿತು.

“ಬಲಗೈ ಎತ್ತಿ ಸಾರ್.”

“ಮುಟ್ತೀಯೇನೇ ನನ್ನ?”

“ಬಲಗೈ ಎತ್ತಿ. ನನ್ ಗಂಡ ಎತ್ತಿರ್ಲಿಲ್ವಾ?”

ನಾನು ನಕ್ಷೆ ಬಿಡಿಸಿ ಬಾಣವನ್ನು ಬೋರಣ್ಣನಿಗೆ ತೋರಿಸಿದೆ. ಬೋರಣ್ಣ ನೀರು ನೋಡಿದ, ಬಾಣ ನೋಡಿದ, ಆಮೇಲೆ ನರೇಂದ್ರನ ಕೈ ನೋಡಿದ. ನರೇಂದ್ರನ ಬಲಗೈ ಸ್ವಲ್ಪ ಸ್ವಲ್ಪವೇ ಮೇಲೆದ್ದಿತು. ಭಯಕ್ಕೋ ಅಭ್ಯಾಸಕ್ಕೋ ಗೊತ್ತಿಲ್ಲ. ಅದು ತೋರಿಸಿದ ದಂಡೆಯಲ್ಲೇ ಚಿನ್ನಪ್ಪನ ಹಾಲ್ ಇತ್ತು.

“ಟೈಪಿಂಗ್ ಮಿಸ್ಟೇಕು” ಎಂದ ನರೇಂದ್ರ.

“ಮತ್ತೆ ಐದಡಿ? ನಕ್ಷೇಲಿ ಮೂವತ್ತೈತೆ. ಅಳೀರಿ, ಟೇಪ್ ತಂದಿದೀನಿ. ಅದೂ ಟೈಪಿಂಗಾ?”

ಅವನು ಚಿನ್ನಪ್ಪನ ಮುಖ ನೋಡಲಿಲ್ಲ. ಚಿನ್ನಪ್ಪ ನನ್ನ ಹತ್ತಿರ ಬಂದ. ಇಷ್ಟು ಹತ್ತಿರ ಅವನು ಎಂದೂ ಬಂದಿರಲಿಲ್ಲ, ಅವನ ಮೈಯ ಗಂಧದ ವಾಸನೆ ಬಡಿಯಿತು. “ನಾಗಲಕ್ಷ್ಮಮ್ಮ” ಎಂದ. ಮೊದಲ ಸಲ ಅವನ ಬಾಯಲ್ಲಿ ನನ್ನ ಪೂರ್ತಿ ಹೆಸರು ಬಂತು. “ನಿಲ್ಸಮ್ಮ. ಕೂತ್ಕಂಡು ಮಾತಾಡಾನ. ಕೇಸು ತೆಗಿಸ್ತೀನಿ. ಗೇಟು ಕೀಳಿಸ್ತೀನಿ. ನೀವು ಹೇಳ್ದಂಗೆ.”

“ನನ್ ಗಂಡನ್ನ ಎಬ್ಬಿಸ್ತೀರಾ?”

ಅವನು ಶಲ್ಯ ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ನನಗೆ ಅದು ಸಾಲಲಿಲ್ಲ. ಅವನು ಅಳಬೇಕೆಂದು ಆಸೆಯಿತ್ತು, ಅಳಲಿಲ್ಲ.

“ಹೆಸ್ರೂ ನಂದೇ, ಕೈನೂ ನಂದೇ ಗೌಡ್ರೆ” ಎಂದು ಹೇಳಿ, ಕಾಲುವೆಯತ್ತ ಬಗ್ಗಿ ಕೂಗಿದೆ. “ಹೊಡಿಯೋ ಸಿದ್ದ.”

ಸಿದ್ದರಾಜು ಹೊಡೆದ. ಗೋಡೆಯ ನಡುವೆ ಬಿರುಕು ಎದ್ದು ಹಾಲ್‌ನ ಕಿಟಕಿಯವರೆಗೆ ಹತ್ತಿತು. ಹನ್ನೆರಡರ ಕಂಬಿ, ಒಳ್ಳೆಯ ಸಿಮೆಂಟು, ಯಲ್ಲಯ್ಯನ ಕೈಯ ಕೆಲಸ. ಬೇಗ ಬೀಳಲಿಲ್ಲ. ಒಡೆಯಲು ಕಷ್ಟವಾಗುವ ಹಾಗೆ ಕಟ್ಟಿದ್ದಾನಲ್ಲ ಎಂದು ನನಗೆ ಹೆಮ್ಮೆಯೂ ಆಯಿತು, ಕಣ್ಣಲ್ಲಿ ನೀರೂ ಬಂತು. ಹತ್ತನೆಯ ಏಟಿಗೋ ಹನ್ನೊಂದಕ್ಕೋ ಒಂದು ತುಂಡು ಕಳಚಿ ಕಾಲುವೆಗೆ ಬಿತ್ತು. ಹಾಲ್‌ನ ಮೂಲೆ ಒಂದು ಗೇಣು ಕುಸಿಯಿತು. ಪುರೋಹಿತರು ಕಲಶ ಎತ್ತಿಕೊಂಡು ಬಾಗಿಲು ಬಿಟ್ಟು ಓಡಿದರು.

ಬೋರಣ್ಣ ಜೇಬಿನಿಂದ ಪುಸ್ತಕ ತೆಗೆದ. ಏನಾದರೂ ಬರೆದುಕೊಳ್ಳದೆ ಅವನಿಗೂ ವಿಧಿಯಿರಲಿಲ್ಲ.

“ಕೆಡವಿದೋರ ಹೆಸ್ರು ಹೇಳಮ್ಮ” ಎಂದ.

“ಬೋರ್ಡ್ ಮೇಲೈತೆ ಸಾರ್” ಎಂದೆ. “ಶ್ರೀ ಅಂತ ತಪ್ಪಾಗಿ ಬರ್ದವ್ರೆ. ನೀವು ಸರಿಯಾಗಿ ಬರ್ಕಳಿ.”

ಅವನು ಬೋರ್ಡಿನ ಹತ್ತಿರ ಹೋಗಿ, ಧೂಳು ಒರೆಸಿ, ಒಂದೊಂದೇ ಅಕ್ಷರ ಬರೆದುಕೊಳ್ಳತೊಡಗಿದ. ನಾನು ಮತ್ತೆ ಕಾಲುವೆಗೆ ಇಳಿದೆ. ಇನ್ನೂ ಐವತ್ತಡಿ ಗೋಡೆ ಬಾಕಿ ಇತ್ತು.